ಬಳ್ಳಿಕಡ್ಡಿ ತಂದವರ ಕಣಿವೆ

ವೈನರಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಪೀಕದಾನಿ. ಕೌಂಟರಿನ ಮೇಲೆ, ಲೋಟಗಳ ಪಕ್ಕದಲ್ಲೇ ಥಳಥಳ ಹೊಳೆಯುತ್ತಿತ್ತು. ವೈನನ್ನು ಬಾಯಲ್ಲಿ ಆಡಿಸಿ, ರುಚಿ ಹಿಡಿದು, ಅದರೊಳಕ್ಕೆ ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎಲೆಅಡಿಕೆಯ ನಾಡಿನವರಿಗೆ ಇದೇನು ಹೊಸದೆ! ಕಾರು ಓಡಿಸುತ್ತಿದ್ದ ಅಳಿಯನಿಗಂತೂ ಅದೇ ಆಪದ್ಬಾಂಧವ. ರಕ್ತದಲ್ಲಿ ಮದ್ಯದಂಶ ಶೇ 0.05 ಮುಟ್ಟಿದರೆ ಆಸ್ಟ್ರೇಲಿಯಾದ ಪೊಲೀಸರು ಬಿಡುವುದಿಲ್ಲ.

ರುಚಿ ನೋಡುವ ಈ ಕೋಣೆಗೆ ಅಲ್ಲಿ ‘ಸೆಲ್ಲರ್ ಡೋರ್’ ಎನ್ನುತ್ತಾರೆ. ಸಿಡ್ನಿಯಿಂದ ಉತ್ತರಕ್ಕೆ ಎರಡು–ಎರಡೂವರೆ ಗಂಟೆ ಹೋದರೆ ಹಂಟರ್ ಕಣಿವೆ. ಪೊಕೊಲ್ಬಿನ್ ಸುತ್ತಮುತ್ತ ಇಂಥ ಬಾಗಿಲುಗಳು ಸಾಲುಸಾಲು. ದೊಡ್ಡಬಳ್ಳಾಪುರದ ಚಪ್ಪರದ ದ್ರಾಕ್ಷಿ ನೋಡಿದ ಕಣ್ಣಿಗೆ ಇಲ್ಲಿಯದು ತೋಟವೆನಿಸದು. ತಂತಿಗೆ ಕಟ್ಟಿದ ಗಿಡ್ಡ ಬೇಲಿಗಳು ಗುಡ್ಡ ಹತ್ತಿ ಇಳಿದಂತಿವೆ. ಟೈರಲ್ಸ್ ವೈನರಿಯಲ್ಲಿ ಎಡ್ವರ್ಡ್ ಟೈರಲ್ 1858ರಲ್ಲಿ ಶುರು ಮಾಡಿದಾಗಿನ ಮರದ ಹಲಗೆಯ ಒಂಟಿಕೋಣೆ ಗುಡಿಸಲು ಇನ್ನೂ ನಿಂತಿದೆ.

ಹಂಟರ್‌ಗೆ ಹೋದವರು ಸೆಮಿಲಾನ್ ಎಂಬ ಬಿಳಿ ವೈನನ್ನು ಬಿಡಬಾರದು, ಅದೂ ಎಳೆಯದು ಮತ್ತು ಹಳೆಯದು ಎರಡನ್ನೂ ಜೊತೆಗಿಟ್ಟುಕೊಂಡು. ಹಣ್ಣು ಪೂರ್ತಿ ಸಿಹಿಯಾಗುವ ಮೊದಲೇ ಕೊಯ್ಯುವುದರಿಂದ ಮದ್ಯದಂಶ ಶೇ 10–11ರಷ್ಟೇ. ಎಳೆಯದನ್ನು ಮೂಸಿ ನಮ್ಮವಳು ‘ಹೆರಳೆಕಾಯಿ’ ಎಂದಳು. ಹುಳಿಯೂ ಹಾಗೇ, ಹಲ್ಲು ಚುಳ್ ಎನ್ನುತ್ತದೆ. ಹತ್ತು ವರ್ಷ ಕಳೆದ ಬಾಟಲಿಯಲ್ಲಿ ಅದೇ ವೈನು ಹೊಂಬಣ್ಣಕ್ಕೆ ತಿರುಗಿ, ಜೇನು ಸವರಿದ ಸುಟ್ಟ ಬ್ರೆಡ್ಡಿನಂತೆ ಘಮ್ಮೆನ್ನುತ್ತದೆ. ಓಕ್ ಪೀಪಾಯಿಯ ವಾಸನೆ ಇರಬೇಕು ಅಂದುಕೊಂಡೆ. ಪೀಪಾಯಿಯ ಸೋಂಕೇ ಇಲ್ಲ, ಎಲ್ಲ ಬಾಟಲಿಯೊಳಗೆ ಕಾಲ ಮಾಡಿದ ಕೆಲಸ. ಹಳೇ ಅಕ್ಕಿ, ಹಳೇ ಹುಣಸೆಹಣ್ಣಿನ ಬೆಲೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಸ್ಟ್ರೇಲಿಯಾದಲ್ಲಿ ವೈನಿನ ದ್ರಾಕ್ಷಿ ಹುಟ್ಟುಬೆಳೆಯಲ್ಲ. ಜೇಮ್ಸ್ ಬಸ್ಬಿ ಎಂಬಾತ 1831ರಲ್ಲಿ ಸ್ಪೇನ್, ಫ್ರಾನ್ಸ್ ಸುತ್ತಿ ನೂರಾರು ತಳಿಗಳ ಕಡ್ಡಿ ಆರಿಸಿ ಹಡಗಿಗೇರಿಸಿದ. ಅವು ಸಿಡ್ನಿಯ ಸಸ್ಯೋದ್ಯಾನದಲ್ಲಿ ಬೇರುಬಿಟ್ಟವು, ಹಂಟರ್‌ನಲ್ಲಿದ್ದ ಅವನ ಕರ್ಕ್‌ಟನ್ ಜಮೀನಿಗೂ ಹೋದವು.

ಮೆಲ್ಬರ್ನ್‌ನವರಿಗೆ ಯಾರಾ ಕಣಿವೆ ಇನ್ನೂ ಹತ್ತಿರ, ಒಂದು ಗಂಟೆಯ ದಾರಿ. 1838ರಲ್ಲಿ ದನ ಮೇಯಿಸಲು ಬಂದ ರೈರಿ ಸಹೋದರರು ಯೆರಿಂಗ್‌ನಲ್ಲಿ ಬಳ್ಳಿ ನೆಟ್ಟರು. ಅಲ್ಲಿನ ವೈನು 1889ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಬಹುಮಾನ ಗೆದ್ದಿತು. ಆಮೇಲೆ ಬಳ್ಳಿ ಹೋಗಿ ಮತ್ತೆ ದನವೇ ಬಂತು. ಈಗ ಕಾಣುವ ತೋಟಗಳ ಕಥೆ ಶುರುವಾಗುವುದು 1960ರ ದಶಕದಿಂದ.

ಯಾರಾದಲ್ಲಿ ಫೋಟೊ ತೆಗೆಯಲು ಸಾಲಿನೊಳಗೆ ಕಾಲಿಡಹೋದೆ. ಫಲಕ ತಡೆಯಿತು. ಕಾರಣ ಫಿಲಾಕ್ಸೆರಾ, ಬೇರಿನ ರಸ ಹೀರಿ ಬಳ್ಳಿಯನ್ನೇ ಸಾಯಿಸುವ ಸಣ್ಣ ಕೀಟ. 1877ರಲ್ಲಿ ಗೀಲಾಂಗ್ ಬಳಿ ಕಾಣಿಸಿಕೊಂಡಾಗ ಸುತ್ತಲ ತೋಟಗಳನ್ನೇ ಕೀಳಿಸಿದ್ದರು. ಯಾರಾಕ್ಕೆ ಅದು ತಲುಪಿದ್ದು 2006ರಲ್ಲಿ. ಬೂಟಿನ ಮಣ್ಣು, ಕಾರಿನ ಚಕ್ರ, ಯಾವುದಕ್ಕೆ ಬೇಕಾದರೂ ಅಂಟಿಕೊಂಡು ಹೋಗುತ್ತದೆ. ಔಷಧಿಗೆ ಬಗ್ಗದು, ಅಮೆರಿಕದ ದ್ರಾಕ್ಷಿಯ ಬೇರಿನ ಮೇಲೆ ಯೂರೋಪಿನ ಬಳ್ಳಿ ಕಸಿ ಕಟ್ಟುವುದೊಂದೇ ದಾರಿ. ಹಂಟರ್‌ಗೆ ಅದು ಈವರೆಗೆ ಕಾಲಿಟ್ಟಿಲ್ಲ. ನೂರು ವರ್ಷ ದಾಟಿದ ಬಳ್ಳಿಗಳು ಅಲ್ಲಿ ಸ್ವಂತ ಬೇರಿನ ಮೇಲೇ ಫಲ ಕೊಡುತ್ತಿವೆ.

ಸಿಡ್ನಿಯಲ್ಲಿ ಇಳಿದ ದಿನ ವಿಮಾನ ನಿಲ್ದಾಣದಲ್ಲಿ ನಮ್ಮವಳ ಚೀಲದಿಂದ ಕರಿಬೇವಿನ ಕಟ್ಟು ತೆಗೆದು ಬಿಸಾಡಿದ್ದರು. ಒಗ್ಗರಣೆಗೆಂದು ಹಿತ್ತಲ ಗಿಡದಿಂದ ಕಿತ್ತು ತಂದದ್ದು. ವಾರವಿಡೀ ಗೊಣಗುತ್ತಿದ್ದವಳು ಆ ಫಲಕವನ್ನು ಎರಡು ಸಲ ಓದಿ, ಚಪ್ಪಲಿಯ ಅಡಿ ತಿರುಗಿಸಿ ನೋಡಿಕೊಂಡಳು.