ಲೆಕ್ಕ ಕೇಳಿದಾಕೆಗೂ ಒಂದು ಉಡಿ

ಸನ್ಮಾನವೆಂದರೆ ನಮ್ಮ ಕಡೆ ಏನೆಂಬುದು ನಿಮಗೆ ಗೊತ್ತೇ ಇದೆ. ಗಂಡಸರಿಗಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೇಲೊಂದು ಫೋಟೋ. ಹೆಂಗಸರಿಗಾದರೆ ಖಣ, ತೆಂಗಿನಕಾಯಿ, ಅಕ್ಕಿ ಇಟ್ಟು ಉಡಿ ತುಂಬುವುದು. ವರ್ಗವಾಗಿ ಹೋಗುವ ಸಾಹೇಬರಿಗೂ ಸನ್ಮಾನ, ಅವರ ಜಾಗಕ್ಕೆ ಬಂದವರಿಗೂ ಸನ್ಮಾನ. ಆದರೆ ಸಹೋದರಿಯರೇ, "ನಮ್ಮ ಓಣಿ ಗಟಾರಕ್ಕ ಎಷ್ಟು ರೊಕ್ಕ ಬಂತ್ರೀ, ಎಷ್ಟು ಖರ್ಚಾತು?" ಎಂದು ಕೇಳಿದ ಹೆಣ್ಣುಮಗಳಿಗೆ ಯಾರಾದರೂ ಉಡಿ ತುಂಬಿದ್ದನ್ನು ನೋಡಿದ್ದೀರಾ? ಆಕೆಗೆ ಸಿಗುವ ಬಿರುದೇ ಬೇರೆ: ಬಾಯಿಬಡಕಿ!

ಹೀಗೆ ಬಾಯಿ ಮಾಡಿದ ಹೆಂಗಸರಿಂದಲೇ ಈ ದೇಶಕ್ಕೆ ಒಂದು ಕಾಯಿದೆ ಬಂತು ಎಂದರೆ ನಂಬುತ್ತೀರಾ? ರಾಜಸ್ಥಾನದ ಹಳ್ಳಿಗಳಲ್ಲಿ ಬರಗಾಲದ ಕಾಮಗಾರಿಗೆ ಹೋಗುತ್ತಿದ್ದ ಹೆಂಗಸರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಏಕೆಂದರೆ "ನೀವು ಕಡಿಮೆ ಕೆಲಸ ಮಾಡಿದ್ದೀರಿ, ಪುಸ್ತಕದಲ್ಲಿ ಹಾಗೇ ಬರೆದಿದೆ" ಎಂಬ ಉತ್ತರ. ಹಾಗಾದರೆ ಆ ಪುಸ್ತಕ ತೋರಿಸಿ ಎಂದರು ಇವರು. ಅದು ಸರಕಾರದ ಗುಟ್ಟಂತೆ! ನಮ್ಮ ಬೆವರಿನ ಲೆಕ್ಕ ನಮಗೇ ಗುಟ್ಟು. ಐ.ಎ.ಎಸ್. ನೌಕರಿ ಬಿಟ್ಟು ಬಂದಿದ್ದ ಅರುಣಾ ರಾಯ್ ಮತ್ತು ಸಂಗಾತಿಗಳು 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಕಟ್ಟಿದರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬಲ್ಲಿ ಊರ ಮಂದಿಯ ಮುಂದೆಯೇ ಲೆಕ್ಕ ಓದಿಸಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು.

ಆ ಸಂಘಟನೆಯ ಸುಶೀಲಾ ಎಂಬಾಕೆ ಓದಿದ್ದು ನಾಲ್ಕನೇ ಇಯತ್ತೆ. ನಿಮಗೇಕೆ ಈ ಹಕ್ಕು ಎಂದು ದಿಲ್ಲಿಯ ಪತ್ರಕರ್ತರು ಕೇಳಿದರಂತೆ. ಮಗನ ಕೈಯಲ್ಲಿ ಹತ್ತು ರೂಪಾಯಿ ಕೊಟ್ಟು ಪೇಟೆಗೆ ಕಳಿಸಿದರೆ ಬಂದ ಮೇಲೆ ಲೆಕ್ಕ ಕೇಳುತ್ತೇನೆ. ಸರಕಾರ ನಮ್ಮ ಹೆಸರಿನಲ್ಲಿ ಕೋಟಿಗಟ್ಟಲೆ ಖರ್ಚು ಮಾಡುವಾಗ ಕೇಳಬಾರದೇ ಎಂಬರ್ಥದ ಮಾತು ಆಕೆಯದು. ಇದಕ್ಕಿಂತ ದೊಡ್ಡ ಅರ್ಥಶಾಸ್ತ್ರ ನನಗಂತೂ ಗೊತ್ತಿಲ್ಲ. ಅರುಣಾ ರಾಯ್ ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯಿದೆ ಮಾಡಿತು. ಇಡೀ ದೇಶದ ಕಾಯಿದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂತು.

ಅದೆಲ್ಲ ದೂರದ ಮಾತಾಯಿತು ಎನ್ನಬೇಡಿ. ನಮ್ಮ ನಿಪ್ಪಾಣಿಯಲ್ಲೇ ತಂಬಾಕಿನ ಧೂಳು ಕುಡಿಯುತ್ತ ದುಡಿದ ಹೆಂಗಸರು ಸಂಘ ಕಟ್ಟಿ ಕೂಲಿಯ ಲೆಕ್ಕ ಕೇಳಿದವರು. ಯುಗಾಂತರ ಎಂಬ ಮಹಿಳಾ ತಂಡ 1982ರಲ್ಲಿ ಅವರ ಮೇಲೆ ಒಂದು ಚಿತ್ರವನ್ನೇ ತೆಗೆಯಿತು. ನಮ್ಮ ಭಾಗದ ಎಷ್ಟು ಜನ ಅದನ್ನು ನೋಡಿದ್ದೇವೆ, ಹೇಳಿ?

ಇನ್ನು ಸದಲಗಾಕ್ಕೆ ಬನ್ನಿ. ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ ಊರು, ದೂಧಗಂಗೆಯ ದಂಡೆಯ ಊರು. 2019ರ ಆಗಸ್ಟಿನಲ್ಲಿ ನದಿಗಳು ಉಕ್ಕಿದಾಗ ಈ ದಂಡೆಯವರು ಪಟ್ಟ ಪಾಡು ಮರೆಯುವಂಥದ್ದಲ್ಲ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರಕಾರ ಸಾರಿತು. ಪೂರ್ತಿ ಬಿದ್ದದ್ದೋ, ಅರ್ಧ ಬಿದ್ದದ್ದೋ, ಅದನ್ನು ಬರೆಯುವುದು ಒಂದು ಪಟ್ಟಿ. ಆ ಪಟ್ಟಿಯಲ್ಲಿ ಒಂದು ಅಕ್ಷರ ಆಚೀಚೆಯಾದರೆ ಒಬ್ಬ ತಾಯಿ ತಗಡಿನ ಕೆಳಗೇ ಮಳೆಗಾಲ ಕಳೆಯಬೇಕು. ಇಂಥ ನೆರವು ಯಾರಿಗೆ ಸಿಕ್ಕಿತೆಂಬುದನ್ನು ಕಚೇರಿಯವರು ತಾವಾಗಿಯೇ ಪ್ರಕಟಿಸಬೇಕೆಂದು ಕಾಯಿದೆಯ 4ನೇ ಕಲಮು ಹೇಳುತ್ತದೆ. ಪ್ರಕಟಿಸಿಲ್ಲವೇ? ಕೇಳಿ.

ಕೇಳುವುದು ಹಪ್ಪಳ ಮಾಡುವುದಕ್ಕಿಂತ ಸುಲಭ. ಒಂದು ಬಿಳಿ ಹಾಳೆ, 10 ರೂಪಾಯಿಯ ಪೋಸ್ಟಲ್ ಆರ್ಡರ್. ಬಡತನ ರೇಖೆಗಿಂತ ಕೆಳಗಿನ ಕಾರ್ಡಿದ್ದರೆ ಆ ಶುಲ್ಕವೂ ಬೇಡ. "ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ" ಎಂದು ಬರೆದು ಪುರಸಭೆಗೋ ತಹಶೀಲ್ದಾರ ಕಚೇರಿಗೋ ಕೊಡಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. "ಯಾಕೆ ಹೀಗೆ ಮಾಡಿದಿರಿ?" ಎಂದು ಜಗಳ ತೆಗೆಯಬೇಡಿ, "ಇಂಥ ಪಟ್ಟಿಯ ನಕಲು ಕೊಡಿ" ಎನ್ನಿ. ನಿಮಗೇಕೆ ಬೇಕು ಎಂದು ಅವರು ಕೇಳುವ ಹಾಗಿಲ್ಲ. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ಆ ಅಧಿಕಾರಿಯೇ ನೆರವಾಗಬೇಕು.

ಹಳ್ಳಿಯವರಿಗೆ ಗ್ರಾಮಸಭೆಯೂ ಇದೆ. ಸೇರಿದವರಲ್ಲಿ ಶೇಕಡಾ 30ರಷ್ಟಾದರೂ ಹೆಂಗಸರಿರಬೇಕೆಂದು ಕಾನೂನು. ಮನೆಗೆ ಬಂದ ರಿಜಿಸ್ಟರಿಗೆ ಒಲೆಯ ಮುಂದೆ ಕೂತೇ ಸಹಿ ಹಾಕಿ ಕಳಿಸುವುದಿದೆಯಲ್ಲ, ಅದನ್ನು ಮಾತ್ರ ದಯವಿಟ್ಟು ಬಿಡಿ.

ಭಯವಿಲ್ಲವೇ? ಇದೆ, ಮುಚ್ಚಿಡುವುದಿಲ್ಲ. ಬೆಂಗಳೂರಿನಲ್ಲಿ ಲಿಂಗರಾಜು ಎಂಬ ಮಾಹಿತಿ ಹಕ್ಕು ಕಾರ್ಯಕರ್ತರನ್ನು 2012ರ ನವೆಂಬರಿನಲ್ಲಿ ಮನೆಯ ಮುಂದೆಯೇ ಕೊಂದರು. ಅದಕ್ಕೇ ಒಬ್ಬಳೇ ಹೋಗಬೇಡಿ. ಒಂದೇ ಪ್ರಶ್ನೆಯನ್ನು ಸಂಘದ ಐದಾರು ಮಂದಿ ಬೇರೆ ಬೇರೆ ಅರ್ಜಿಯಲ್ಲಿ ಕೇಳಿ. ಯಾರ ಮೇಲೆ ಕಣ್ಣು ಕೆಂಪಾಗಿಸಬೇಕೆಂದು ಆಗ ತಿಳಿಯುವುದಿಲ್ಲ.

ಸಂಕ್ರಾಂತಿಯ ಅರಿಶಿಣ ಕುಂಕುಮಕ್ಕೆ ಹೇಗೂ ಓಣಿಯೆಲ್ಲ ಸೇರುತ್ತೀರಿ. ಈ ಸಲ ಲೆಕ್ಕ ಕೇಳಿದಾಕೆಯನ್ನು ಕರೆದು, ಆಕೆ ತಂದ ಪಟ್ಟಿಯನ್ನು ಎಲ್ಲರೆದುರು ಓದಿಸಿ, ಉಡಿ ತುಂಬಿ. ಆಕೆ ವಿಧವೆಯಾದರೆ? ಪಿಂಚಣಿಗಾಗಿ ಕಚೇರಿ ಅಲೆದವರಿಗೇ ಅಲ್ಲಿನ ಗೋಡೆಗೋಡೆಯ ಪರಿಚಯ. "ನನಗ್ಯಾಕವ್ವಾ" ಎಂದು ಆಕೆ ಹಿಂದೆ ಸರಿದರೂ ಬಿಡದೆ ಕರೆತಂದು, ಮೊದಲ ಉಡಿ ಆಕೆಗೇ ತುಂಬಿ. ಹಿರಿಯರು ಗೊಣಗಿದರೆ ಗೊಣಗಲಿ.

ಮರೆತೆ: ಅರ್ಜಿ ಕೊಟ್ಟ ದಿನ ರಸೀದಿ ಕೇಳಿ ಪಡೆಯಿರಿ, ಸಾಸಿವೆ ಡಬ್ಬಿಯಲ್ಲಾದರೂ ಸರಿ, ಜೋಪಾನವಾಗಿಡಿ. 30 ದಿನದೊಳಗೆ ಉತ್ತರ ಬಾರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಲು ಅದು ಬೇಕಾಗುತ್ತದೆ.