ಎ.ಬಿ.ಎಸ್. ದೀಪ ಆರದಿದ್ದರೆ: ಚಕ್ರದ ಸೆನ್ಸರನ್ನು ಮನೆಯಲ್ಲಿಯೇ ಪರೀಕ್ಷಿಸುವ ಬಗೆ

ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ಹೆಚ್ಚಿನ ಸಾಮರ್ಥ್ಯದ ಮೋಟಾರ್ ಸೈಕಲ್ಲುಗಳಿಗೆ ಎ.ಬಿ.ಎಸ್. ಎಂಬ ಬ್ರೇಕು ವ್ಯವಸ್ಥೆ ಕಡ್ಡಾಯವಾಗಿದೆ. ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದಲೂ, ಅದಕ್ಕೆ ಮೊದಲೇ ತಯಾರಾಗುತ್ತಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದಲೂ ಈ ನಿಯಮ ಜಾರಿಗೆ ಬಂದಿತು. ಹೀಗಾಗಿ ತೋಟಕ್ಕೆ ಗೊಬ್ಬರದ ಮೂಟೆ, ಡೇರಿಗೆ ಹಾಲಿನ ಕ್ಯಾನು ಹೊರುವ ಎಷ್ಟೋ ಬೈಕುಗಳಲ್ಲಿ ಇಂದು ಈ ವ್ಯವಸ್ಥೆ ಇದೆ. ಬೆಳೆಯ ವಿಷಯ ಮುಗಿದ ಮೇಲೆ ರೈತರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಅದರ ಹಳದಿ ದೀಪದ ವಿಚಾರವೂ ಸೇರಿಕೊಂಡಿದೆ.

ದೀಪ ಉರಿದರೆ ಸೆನ್ಸರ್ ಕೆಟ್ಟಿತು, ಹೊಸದು ಹಾಕಿಸಿ ಎಂಬ ಸಲಹೆ ಬಹು ಸುಲಭವಾಗಿ ಸಿಗುತ್ತದೆ. ಎಲೆ ಹಳದಿಯಾದೊಡನೆ ಯೂರಿಯಾ ಎರಚುವಂತಹ ಚಿಕಿತ್ಸೆ ಇದು. ಎಲೆ ಹಳದಿಯಾಗಲು ನಿಂತ ನೀರು, ಕೊಳೆತ ಬೇರು, ಸತುವಿನ ಕೊರತೆಯೂ ಕಾರಣವಾಗಬಹುದಲ್ಲವೆ? ಇಲ್ಲಿಯೂ ಅಷ್ಟೇ. ಸೆನ್ಸರು ಚೆನ್ನಾಗಿದ್ದು, ಅದರ ಸುತ್ತಲಿನ ಕೆಸರು, ತುಕ್ಕು ಇಲ್ಲವೆ ತಂತಿಯಲ್ಲಿ ದೋಷವಿರುವುದು ಸಾಮಾನ್ಯ.

ಸೆನ್ಸರಿನ ಕೆಲಸ

ಚಕ್ರದ ಗುಂಬದ ಬಳಿ, ಡಿಸ್ಕಿನ ಒಳಬದಿಯಲ್ಲಿ ಸಾಲಾಗಿ ಕಿಂಡಿಗಳಿರುವ ಒಂದು ಕಬ್ಬಿಣದ ಉಂಗುರವನ್ನು ನೀವು ನೋಡಿರಬಹುದು. ಅದರ ಎದುರಿಗೆ ಕೂದಲೆಳೆಯಷ್ಟಲ್ಲದಿದ್ದರೂ ಸುಮಾರು ಒಂದು ಮಿ.ಮೀ. ಅಂತರದಲ್ಲಿ ಕೂತಿರುವ ಕಪ್ಪು ಗುಬಟೇ ಸೆನ್ಸರು. ಚಕ್ರ ತಿರುಗಿದಾಗ ಎದುರು ಹಾದುಹೋಗುವ ಕಿಂಡಿಗಳನ್ನು ಅದು ಎಣಿಸುತ್ತದೆ. ಬ್ರೇಕು ಒತ್ತಿದಾಗ ಎಣಿಕೆ ಹಠಾತ್ತನೆ ಇಳಿದರೆ ಚಕ್ರ ಕಚ್ಚಿಕೊಳ್ಳುತ್ತಿದೆ ಎಂದು ತಿಳಿದು, ಯಂತ್ರವು ಬ್ರೇಕಿನ ಒತ್ತಡವನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಮತ್ತೆ ಬಿಗಿಯುತ್ತದೆ. ಎಣಿಕೆ ತಪ್ಪಿದರೆ ಯಂತ್ರ ತನ್ನ ಕೆಲಸ ನಿಲ್ಲಿಸಿ ದೀಪ ಹೊತ್ತಿಸುತ್ತದೆ. ಆಗಲೂ ಸಾಮಾನ್ಯ ಬ್ರೇಕು ಇರುತ್ತದೆ. ಆದರೆ ಗಟ್ಟಿಯಾಗಿ ಒತ್ತಿದರೆ ಚಕ್ರ ಕಚ್ಚಿ ಜಾರುತ್ತದೆ. ಮಳೆಯ ರಸ್ತೆಯಲ್ಲಿ, ಹಿಂದೆ ಮೂಟೆ ಇದ್ದಾಗ ಇದು ಸಣ್ಣ ಮಾತಲ್ಲ.

ಕೀ ತಿರುಗಿಸಿದಾಗ ದೀಪ ಉರಿಯುವುದೂ, ಬೈಕು ನಡಿಗೆಯ ವೇಗ ದಾಟಿದ ಮೇಲೆ ಆರುವುದೂ ಸಹಜ. ತೊಳೆಯುವಾಗ ಸ್ಟ್ಯಾಂಡು ಹಾಕಿ ಎಂಜಿನ್ ಬಲದಿಂದ ಹಿಂದಿನ ಚಕ್ರವನ್ನಷ್ಟೇ ತಿರುಗಿಸಿದರೂ ದೀಪ ಹೊತ್ತಿಕೊಳ್ಳಬಹುದು. ಹಿಂದಿನದು ಓಡುತ್ತಿದೆ, ಮುಂದಿನದು ನಿಂತಿದೆ ಎಂದು ಯಂತ್ರ ಅನುಮಾನಿಸುವುದೇ ಇದಕ್ಕೆ ಕಾರಣ. ಕೀ ತೆಗೆದು ಮತ್ತೆ ಹಾಕಿ ಸ್ವಲ್ಪ ದೂರ ಓಡಿಸಿ ನೋಡಿ. ಬ್ಯಾಟರಿ ಸೋತಿದ್ದರೂ, ಬೇರೆ ಅಳತೆಯ ಟೈರು ಹಾಕಿಸಿದ್ದರೂ ದೀಪ ಉರಿಯುವುದುಂಟು.

ಮೊದಲು ಕಣ್ಣಿನ ಪರೀಕ್ಷೆ

ಕೀ ತೆಗೆದು, ಡಿಸ್ಕು ತಣ್ಣಗಾದ ಮೇಲೆ ಬೈಕನ್ನು ಸಮನೆಲದಲ್ಲಿ ನಿಲ್ಲಿಸಿ. ದೀಪ ಯಾವಾಗಿನಿಂದ ಉರಿಯುತ್ತಿದೆ ಎಂದು ನೆನಪು ಮಾಡಿಕೊಳ್ಳಿ. ಪಂಕ್ಚರ್ ಹಾಕಿಸಿದ ಮರುದಿನದಿಂದ ಎಂದಾದರೆ ಅರ್ಧ ಕೆಲಸ ಮುಗಿದಂತೆ. ಚಕ್ರ ಬಿಚ್ಚಿ ಹಾಕುವಾಗ ಉಂಗುರ ಬಾಗಿರುತ್ತದೆ, ತಂತಿ ಸಿಕ್ಕಿಕೊಂಡಿರುತ್ತದೆ ಅಥವಾ ಅಚ್ಚಿನ ಬುಷ್ ಅದಲು ಬದಲಾಗಿರುತ್ತದೆ.

ಉಂಗುರದ ಕಿಂಡಿಗಳಲ್ಲಿ ಗದ್ದೆಯ ಕೆಸರು ಒಣಗಿ ಗಟ್ಟಿಯಾಗಿದ್ದರೆ ಮೆತ್ತನೆಯ ಬ್ರಷ್ಷು ಮತ್ತು ನೀರಿನಿಂದ ತೊಳೆಯಿರಿ. ರಭಸದ ನೀರಿನ ಪಂಪು ಬೇಡ. ಹುರುಳಿ, ರಾಗಿಯನ್ನು ರಸ್ತೆಗೆ ಹರಡಿ ವಾಹನಗಳಿಂದ ತುಳಿಸುವ ಪದ್ಧತಿ ಇನ್ನೂ ಇದೆ. ಆ ರಸ್ತೆಯಲ್ಲಿ ಸಾಗಿದ ಬೈಕಿನ ಅಚ್ಚಿಗೆ ಬಳ್ಳಿ, ಹುಲ್ಲು ಸುತ್ತಿಕೊಂಡು ಸೆನ್ಸರಿನ ತಂತಿಯನ್ನೇ ಎಳೆಯುತ್ತದೆ. (ಒಕ್ಕಣೆಗೆ ಕಣವೇ ಸರಿ ಎಂದು ಹೇಳಲು ನನಗೆ ಇನ್ನೊಂದು ಕಾರಣ ಸಿಕ್ಕಂತಾಯಿತು.)

ಬಳಿಕ ಚಕ್ರವನ್ನು ನೆಲದಿಂದೆತ್ತಿ ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಸೆನ್ಸರಿಗೂ ಉಂಗುರಕ್ಕೂ ಇರುವ ಅಂತರ ಸುತ್ತಲೂ ಒಂದೇ ಸಮನಾಗಿರಬೇಕು. ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜಿನಿಂದ ಅಳೆದು, ಬೈಕಿನ ಕೈಪಿಡಿಯ ಅಳತೆಯೊಡನೆ ಹೋಲಿಸಬಹುದು. ಒಂದು ಕಡೆ ಹತ್ತಿರ, ಇನ್ನೊಂದು ಕಡೆ ದೂರ ಬಂದರೆ ಉಂಗುರ ಬಾಗಿದೆ ಎಂದರ್ಥ. ಚಕ್ರವನ್ನು ಅಡ್ಡಲಾಗಿ ಅಲುಗಿಸಿದಾಗ ಲೊಡಲೊಡ ಎಂದರೆ ದೋಷ ಬೇರಿಂಗಿನದು. ಎರಡರಲ್ಲಿಯೂ ಹೊಸ ಸೆನ್ಸರು ನಿಷ್ಪ್ರಯೋಜಕ.

ಗೊಬ್ಬರ ಮತ್ತು ಇಲಿ

ಪೊಟ್ಯಾಷ್, ಅಮೋನಿಯಂ ಸಲ್ಫೇಟಿನಂತಹ ಗೊಬ್ಬರಗಳು ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುತ್ತವೆ. ಹರಿದ ಚೀಲದಿಂದ ಉದುರಿದ ಪುಡಿ ತಂತಿಯ ಜೋಡಣೆಯೊಳಗೆ ಸೇರಿದರೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಅಡಿಕೆ ಬೆಳೆಗಾರರು ಇನ್ನೂ ಎಚ್ಚರದಿಂದಿರಬೇಕು. ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ ಕಬ್ಬಿಣವನ್ನು ತಿನ್ನುವುದರಿಂದಲೇ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂದು ನಾವು ಹೇಳುವುದು. ಸಿಂಪರಣೆಯ ದಿನ ಬೈಕಿಗೆ ದ್ರಾವಣ ಚೆಲ್ಲಿದರೆ ಅಂದೇ ತೊಳೆಯಿರಿ.

ಸೆನ್ಸರಿನ ತಂತಿಯನ್ನು ಅದರ ಜೋಡಣೆಯವರೆಗೂ ಬೆರಳಿನಿಂದ ಸವರುತ್ತಾ ಹೋಗಿ. ಹ್ಯಾಂಡಲ್ ತಿರುಗುವಲ್ಲಿ ಉಜ್ಜಿದೆಯೇ, ಕೊಟ್ಟಿಗೆಯ ಇಲಿ ಕಡಿದಿದೆಯೇ ನೋಡಿ. ಜೋಡಣೆ ಬಿಚ್ಚಿ, ಕಿಲುಬು ಇದ್ದರೆ ವಿದ್ಯುತ್ ಭಾಗಗಳಿಗೆಂದೇ ಇರುವ ಕ್ಲೀನರ್ ಸಿಂಪಡಿಸಿ, ಒಣಗಿಸಿ, ಕ್ಲಿಕ್ ಎನ್ನುವಂತೆ ಕೂಡಿಸಿ. ಡಿಸ್ಕಿನ ಮೇಲೆ ಈ ದ್ರವವಾಗಲಿ ಎಣ್ಣೆಯಾಗಲಿ ಬೀಳಬಾರದು. ನೇರವಾಗಿರುವ ಜಾಗದಲ್ಲಿ ತುಂಡಾದ ತಂತಿಯನ್ನು ಬೆಸೆದು ಕೊಳವೆ ಹಾಕಿದರೆ ಸ್ವಲ್ಪ ಕಾಲ ನಡೆಯುತ್ತದೆ. ಬಾಗುವ ಜಾಗದಲ್ಲಿ ತಿರುಚಿ ಟೇಪು ಸುತ್ತಿದ್ದು ಮುಂದಿನ ಮಳೆಗೇ ಕೈ ಕೊಡುತ್ತದೆ. ಅಲ್ಲಿ ಹೊಸದೇ ಲೇಸು.

ಪಂಪುಸೆಟ್ಟಿನ ತಂತಿ ನೋಡುವ ಟೆಸ್ಟ್ ಲ್ಯಾಂಪನ್ನು ಇಲ್ಲಿ ಖಂಡಿತ ಬಳಸಬೇಡಿ. ಹಳೆಯ ಬಗೆಯ, ಕಾಯಿಲ್ ಇರುವ ಸೆನ್ಸರನ್ನು ಮೀಟರಿನಿಂದ ಓಮ್ ಅಳೆದು ಪರೀಕ್ಷಿಸಬಹುದು. ಈಗಿನ ಬಹುಪಾಲು ಸೆನ್ಸರುಗಳ ಒಳಗೆ ಎಲೆಕ್ಟ್ರಾನಿಕ್ ಭಾಗವಿದ್ದು, ಓಮ್ ಅಳತೆಯಿಂದ ಏನೂ ತಿಳಿಯುವುದಿಲ್ಲ, ಹಾನಿಯೂ ಆಗಬಹುದು.

ಸೆನ್ಸರು ಬದಲಿಸುವುದಾದರೆ

ಸಾಮಾನ್ಯವಾಗಿ ಅದನ್ನು ಹಿಡಿದಿರುವುದು ಒಂದೇ ಬೋಲ್ಟು. ಬಿಚ್ಚಿದ ಮೇಲೆ ತುದಿಯನ್ನು ಬಟ್ಟೆಯಿಂದ ಒರೆಸಿ. ಅಯಸ್ಕಾಂತವಿದ್ದರೆ ಕಬ್ಬಿಣದ ಪುಡಿ ಅಂಟಿರುತ್ತದೆ. ಇಷ್ಟರಿಂದಲೇ ದೀಪ ಆರುವುದೂ ಉಂಟು. ಕೂರುವ ಜಾಗದ ತುಕ್ಕನ್ನು ಕೆರೆಯಿರಿ, ಇಲ್ಲದಿದ್ದರೆ ಸೆನ್ಸರು ಎತ್ತರಕ್ಕೆ ಕೂತು ಅಂತರ ಹೆಚ್ಚುತ್ತದೆ. ಕಚ್ಚಿಕೊಂಡಿದ್ದರೆ ಇಕ್ಕಳದಿಂದ ತಿರುಚಬೇಡಿ, ಮುರಿಯುತ್ತದೆ. ತಂತಿಯನ್ನು ಮೊದಲಿದ್ದ ದಾರಿಯಲ್ಲೇ, ಅವೇ ಕ್ಲಿಪ್ಪುಗಳಲ್ಲಿ ಸಾಗಿಸಿ. ಬೋಲ್ಟನ್ನು ಅತಿಯಾಗಿ ಬಿಗಿಯಬಾರದು.

ಆಮೇಲೆ ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ. ದೀಪ ಆರದಿದ್ದರೆ ಬಲ್ಬು ತೆಗೆಸುವುದು, ಫ್ಯೂಸು ಕೀಳಿಸುವುದು ಪರಿಹಾರವಲ್ಲ. ಕೆಲವು ಬೈಕುಗಳಲ್ಲಿ ಹಳೆಯ ದೋಷದ ದಾಖಲೆಯನ್ನು ಸರ್ವಿಸ್ ಕೇಂದ್ರದ ಉಪಕರಣದಿಂದಲೇ ಅಳಿಸಬೇಕಾಗುತ್ತದೆ. ಅಲ್ಲಿಗೆ ಹೋದಾಗ ನೀವು ನೋಡಿದ್ದನ್ನೆಲ್ಲ ಹೇಳಿ, ಯಾವ ಚಕ್ರದ ದೋಷವೆಂದು ಉಪಕರಣ ತೋರಿಸುತ್ತದೆಯೋ ಬರೆಸಿಕೊಳ್ಳಿ. ಬ್ರೇಕಿನ ಹಿಡಿ ಮೆತ್ತಗಾಗಿದ್ದರೆ ಅಥವಾ ಬ್ರೇಕು ಎಣ್ಣೆ ಸೋರುತ್ತಿದ್ದರೆ ಮಾತ್ರ ಬೈಕನ್ನು ಓಡಿಸಿಕೊಂಡು ಹೋಗಬೇಡಿ, ಬೇರೆ ವಾಹನದಲ್ಲಿ ಸಾಗಿಸಿ.