ಟೈರಿನ ದೋಷ ಮತ್ತು ವಾಹನಗಳ ಹಿಂಪಡೆಯುವಿಕೆ: ವರ್ತಕರು ಅರಿಯಬೇಕಾದ ಸಂಗತಿಗಳು

ತಯಾರಿಕೆಯಲ್ಲಿ ಉಳಿದುಹೋದ ದೋಷದಿಂದ ಅಪಘಾತ ಸಂಭವಿಸಬಹುದೆಂದು ತಿಳಿದುಬಂದಾಗ, ಈಗಾಗಲೇ ಮಾರಾಟವಾಗಿ ರಸ್ತೆಯ ಮೇಲೆ ಓಡುತ್ತಿರುವ ವಾಹನಗಳನ್ನು ಕಂಪನಿಯು ಮರಳಿ ಕರೆಯಿಸಿ, ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡುವ ಕ್ರಮಕ್ಕೆ ರಿಕಾಲ್ ಅಥವಾ ಹಿಂಪಡೆಯುವಿಕೆ ಎಂದು ಹೆಸರು. ಇದು ನಗರದಲ್ಲಿ ಹೊಸ ಕಾರು ಕೊಳ್ಳುವವರಿಗೆ ಸಂಬಂಧಿಸಿದ ವಿಷಯವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ನವಲಗುಂದ ಮತ್ತು ಅಣ್ಣಿಗೇರಿಯ ಕಡಲೆ, ಹೆಸರು, ಹತ್ತಿ, ಕುಂದಗೋಳದ ಮೆಣಸಿನಕಾಯಿ, ಕಲಘಟಗಿಯ ಗೋವಿನಜೋಳ ಇವೆಲ್ಲವೂ ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯನ್ನು ತಲುಪುವುದು ಟೈರುಗಳ ಮೇಲೆಯೇ. ಮಾಲಿನ ತೂಕ, ಬೇಸಿಗೆಯ ಕಾದ ಡಾಂಬರು, ಎರೆಭೂಮಿಯ ಕುಸಿದ ರಸ್ತೆ ಇವೆಲ್ಲದರ ಭಾರವನ್ನು ಹೊರುವ ಈ ಒಂದು ಭಾಗದಲ್ಲಿ ದೋಷವಿದ್ದರೆ, ಅದನ್ನು ಮಾಲೀಕನಿಗೆ ತಿಳಿಸುವವರು ಯಾರು, ತಿಳಿಸುವ ಮಾರ್ಗ ಯಾವುದು ಎಂಬುದು ವ್ಯಾಪಾರಸ್ಥರು ವಿಚಾರಿಸಬೇಕಾದ ಪ್ರಶ್ನೆ.

ಟೈರಿನ ದೋಷಕ್ಕಾಗಿ ನಡೆದ ಹಿಂಪಡೆಯುವಿಕೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅಮೆರಿಕದ ಫೈರ್‌ಸ್ಟೋನ್ ಪ್ರಕರಣ. 2000ದ ಆಗಸ್ಟ್ 9ರಂದು ಬ್ರಿಜ್‌ಸ್ಟೋನ್‌-ಫೈರ್‌ಸ್ಟೋನ್ ಕಂಪನಿಯು ಸುಮಾರು 65 ಲಕ್ಷ ಟೈರುಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಇವುಗಳಲ್ಲಿ ಬಹುಪಾಲು ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ವಾಹನಗಳಿಗೆ ಜೋಡಿಸಲ್ಪಟ್ಟವು. ವೇಗವಾಗಿ ಓಡುವಾಗ ಟೈರಿನ ಮೇಲ್ಮೈ ರಬ್ಬರು ಒಳಗಿನ ಉಕ್ಕಿನ ತಂತಿಯ ಪಟ್ಟಿಯೊಡನೆ ಕಳಚಿ ಬರುತ್ತಿತ್ತು. ವಾಹನವು ಹತೋಟಿ ತಪ್ಪಿ ಮಗುಚುತ್ತಿತ್ತು. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ಎಣಿಕೆಯಂತೆ ಇಂತಹ ಅಪಘಾತಗಳಲ್ಲಿ ಸತ್ತವರು 271 ಮಂದಿ. 2000ರ ದಶಕದಲ್ಲಿ ಅದಿರಿನ ಲಾರಿಗಳು ಗದಗ, ಅಣ್ಣಿಗೇರಿ, ಹುಬ್ಬಳ್ಳಿ, ಕಲಘಟಗಿ ಮಾರ್ಗವಾಗಿ ಕರಾವಳಿಗೆ ಓಡುತ್ತಿದ್ದಾಗ ರಸ್ತೆಯ ಬದಿಗೆ ಬಿದ್ದಿರುತ್ತಿದ್ದ ಉದ್ದನೆಯ ರಬ್ಬರಿನ ಪಟ್ಟಿಗಳನ್ನು ನೋಡಿದವರಿಗೆ ಈ ಕಳಚುವಿಕೆ ಎಂಥದೆಂದು ವಿವರಿಸಬೇಕಾಗಿಲ್ಲ.

ಈ ಪ್ರಕರಣದ ತಾಂತ್ರಿಕ ಅಂಶಗಳಿಗಿಂತ ಅದು ಬೆಳಕಿಗೆ ಬಂದ ರೀತಿಯು ವಾಣಿಜ್ಯದವರಿಗೆ ಹೆಚ್ಚು ಬೋಧಪ್ರದ. ದೋಷವನ್ನು ಮೊದಲು ಗುರುತಿಸಿದವನು ಇಂಜಿನಿಯರನಲ್ಲ. ಸ್ಟೇಟ್ ಫಾರ್ಮ್ ಎಂಬ ವಿಮಾ ಕಂಪನಿಯ ಸಂಶೋಧನಾ ವಿಭಾಗದ ನೌಕರನೊಬ್ಬನು ಪರಿಹಾರ ಕೋರಿಕೆಗಳ ಕಡತಗಳನ್ನು ನೋಡುತ್ತ, ಒಂದೇ ಬಗೆಯ ಟೈರಿನಿಂದಾದ 21 ಪ್ರಕರಣಗಳನ್ನು ಗಮನಿಸಿ 1998ರಲ್ಲಿಯೇ ಸರ್ಕಾರಿ ಇಲಾಖೆಗೆ ತಿಳಿಸಿದ್ದನು. ಇಲಾಖೆಯು ತನಿಖೆ ಆರಂಭಿಸಿದ್ದು 2000ದ ಮೇ ತಿಂಗಳಿನಲ್ಲಿ. ಅಷ್ಟರೊಳಗೆ ಫೋರ್ಡ್ ಕಂಪನಿಯು ಸೌದಿ ಅರೇಬಿಯ ಮತ್ತು ವೆನೆಜುವೆಲಾ ದೇಶಗಳಲ್ಲಿ ಇದೇ ಟೈರುಗಳನ್ನು ಬದಲಿಸಿಕೊಡಲು ತೊಡಗಿತ್ತು; ಅದನ್ನು ಅಮೆರಿಕದ ಇಲಾಖೆಗೆ ತಿಳಿಸುವ ಕಟ್ಟಳೆ ಆಗ ಇರಲಿಲ್ಲ. 2000ದ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾನೂನು, ಹೊರದೇಶಗಳಲ್ಲಿನ ಇಂತಹ ಕ್ರಮಗಳನ್ನೂ, ಸಾವುನೋವಿನ ಕೋರಿಕೆಗಳನ್ನೂ ಕಂಪನಿಗಳು ವರದಿ ಮಾಡಲೇಬೇಕೆಂದು ವಿಧಿಸಿತು.

ದೋಷ ಯಾರದೆಂಬ ವಾದವೂ ಕುತೂಹಲಕರವಾಗಿತ್ತು. ಫೋರ್ಡ್ ಕಂಪನಿಯು ಈ ಟೈರುಗಳಿಗೆ 26 ಪೌಂಡ್ ಗಾಳಿ ಸಾಕೆಂದು ಸೂಚಿಸಿತ್ತು; 30 ಪೌಂಡ್ ಬೇಕಿತ್ತೆಂಬುದು ಫೈರ್‌ಸ್ಟೋನ್‌ನ ವಾದ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕಗಳು ಹೆಚ್ಚು ಮಡಚಿಕೊಂಡು ಒಳಗೆ ಶಾಖ ಬೆಳೆಯುತ್ತದೆ. ಶಾಖದಿಂದ ರಬ್ಬರು ಮತ್ತು ತಂತಿಯ ಬೆಸುಗೆ ಸಡಿಲಾಗುತ್ತದೆ. ಟೆಕ್ಸಾಸ್, ಅರಿಜೋನ, ಫ್ಲೋರಿಡಾದಂತಹ ಬಿಸಿಲಿನ ರಾಜ್ಯಗಳಲ್ಲಿ ಅಪಘಾತಗಳು ಹೆಚ್ಚಾಗಿದ್ದುದಕ್ಕೆ ಇದೇ ಕಾರಣ. ಆದಾಗ್ಯೂ, ಪಟ್ಟಿಗಳ ಅಂಚಿನ ರಚನೆಯಲ್ಲಿಯೇ ಕೊರತೆಯಿದ್ದಿತೆಂದು ಇಲಾಖೆಯು ನಿರ್ಧರಿಸಿದ ಮೇಲೆ 2001ರ ಅಕ್ಟೋಬರ್‌ನಲ್ಲಿ ಮತ್ತೆ 35 ಲಕ್ಷ ಟೈರುಗಳು ಹಿಂಪಡೆಯಲ್ಪಟ್ಟವು. ಫೋರ್ಡ್ ಕಂಪನಿಯು ತಾನಾಗಿಯೇ 1 ಕೋಟಿ 30 ಲಕ್ಷ ಟೈರುಗಳನ್ನು ಬದಲಿಸಲು ಮುಂದಾಯಿತು. ಸುಮಾರು ನೂರು ವರ್ಷಗಳ ವ್ಯವಹಾರ ಸಂಬಂಧವನ್ನು ಉಭಯ ಕಂಪನಿಗಳು 2001ರ ಮೇ ತಿಂಗಳಿನಲ್ಲಿ ಕಡಿದುಕೊಂಡವು. ಇಲಿನಾಯ್ ರಾಜ್ಯದ ಡಿಕೇಟರ್ ಕಾರ್ಖಾನೆ ಅದೇ ವರ್ಷಾಂತ್ಯಕ್ಕೆ ಮುಚ್ಚಿತು. 2005ರಲ್ಲಿ ಬ್ರಿಜ್‌ಸ್ಟೋನ್ ಸಂಸ್ಥೆಯು ಫೋರ್ಡ್‌ಗೆ 24 ಕೋಟಿ ಡಾಲರ್ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಂಡಿತು.

ಇನ್ನೊಂದು ಪ್ರಕರಣ ಗುಡ್‌ಇಯರ್ ಕಂಪನಿಯ ಜಿ 159 ಎಂಬ ಟೈರಿನದು. 1996ರಿಂದ 2003ರವರೆಗೆ ತಯಾರಾದ ಈ ಟೈರಿನ ಬಗ್ಗೆ ತನಿಖೆ ಆರಂಭವಾದದ್ದು 2017ರಲ್ಲಿ. 1,73,237 ಟೈರುಗಳ ಹಿಂಪಡೆಯುವಿಕೆ ಪ್ರಕಟವಾದದ್ದು 2022ರಲ್ಲಿ. ನಡುವಣ ವರ್ಷಗಳಲ್ಲಿ ಮೊಕದ್ದಮೆಗಳು ರಾಜಿಯಾಗುತ್ತ, ಅವುಗಳ ದಾಖಲೆಗಳು ಗೋಪ್ಯವಾಗಿ ಉಳಿದಿದ್ದವು. ಅಷ್ಟು ತಡವಾಗಿ ಬಂದ ಹಿಂಪಡೆಯುವಿಕೆಯಿಂದ ಯಾರಿಗೆ ಎಷ್ಟು ಪ್ರಯೋಜನವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ದೇಶದ ಕಾನೂನು

ಭಾರತದಲ್ಲಿ ಬಹುಕಾಲ ಈ ವಿಷಯವಾಗಿ ಕಾನೂನು ಇರಲಿಲ್ಲ. 2012ರಲ್ಲಿ ವಾಹನ ತಯಾರಕರ ಸಂಘವು ಸ್ವಯಂಪ್ರೇರಿತ ಸಂಹಿತೆಯೊಂದನ್ನು ರೂಪಿಸಿಕೊಂಡಿತು. ಅದರ ಅನಂತರ ಹಲವು ಕಂಪನಿಗಳು ವಾಹನಗಳನ್ನು ಕರೆಯಿಸಿಕೊಂಡಿವೆ. ನಮ್ಮದೇ ರಾಜ್ಯದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು 2014ರಲ್ಲಿ ಸುಮಾರು 45 ಸಾವಿರ ಇನ್ನೋವಾ ವಾಹನಗಳನ್ನು ಚುಕ್ಕಾಣಿಯೊಳಗಿನ ಕೇಬಲ್ಲಿನ ದೋಷಕ್ಕಾಗಿ ಕರೆಯಿಸಿತ್ತು. 2019ರಲ್ಲಿ ಮೋಟಾರು ವಾಹನ ಅಧಿನಿಯಮಕ್ಕೆ 110ಎ ಕಲಮು ಸೇರ್ಪಡೆಯಾದ ಮೇಲೆ ಕೇಂದ್ರ ಸರ್ಕಾರಕ್ಕೆ ಹಿಂಪಡೆಯುವಂತೆ ಆದೇಶಿಸುವ ಅಧಿಕಾರ ಬಂದಿತು. ದೋಷವು ವಾಹನದ ಒಂದು ಬಿಡಿಭಾಗದಲ್ಲಿದ್ದರೆ, ಆ ಭಾಗವನ್ನು ಅಳವಡಿಸಿದ ಎಲ್ಲ ಮಾದರಿಯ ವಾಹನಗಳಿಗೂ ಆದೇಶ ಅನ್ವಯಿಸಬಹುದು. ಟೈರೂ ಇದಕ್ಕೆ ಹೊರತಲ್ಲ. ಆದೇಶ ಪಾಲಿಸದ ತಯಾರಕನಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 100 ಕೋಟಿ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ದೋಷವನ್ನು ತಾನೇ ಗುರುತಿಸಿ ತಿಳಿಸಿದ ತಯಾರಕನಿಗೆ ದಂಡದಿಂದ ವಿನಾಯಿತಿಯುಂಟು.

ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳಲ್ಲಿ ಎರಡು ಅಂಶಗಳು ಗ್ರಾಮೀಣ ಭಾಗದವರಿಗೆ ಮುಖ್ಯ. ಮೊದಲನೆಯದು, ತಯಾರಾಗಿ ಏಳು ವರ್ಷ ಮೀರಿದ ವಾಹನಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಸಂತೆಯಿಂದ ಸಂತೆಗೆ ಮಾಲು ಸಾಗಿಸುವ ಎರಡನೆಯ, ಮೂರನೆಯ ಕೈಯ ಗಾಡಿಗಳಲ್ಲಿ ಎಷ್ಟೋ ಈ ಗಡಿಯನ್ನು ದಾಟಿರುತ್ತವೆ. ಎರಡನೆಯದು, ಒಬ್ಬಿಬ್ಬರ ದೂರಿನಿಂದ ತನಿಖೆ ಆರಂಭವಾಗುವುದಿಲ್ಲ. ಭಾರಿ ಸರಕು ವಾಹನಗಳ ವಿಷಯದಲ್ಲಿ ವಾರ್ಷಿಕ ಮಾರಾಟದ ಶೇ. 3ರಷ್ಟು ದೂರುಗಳು ಬರಬೇಕು. ಕೇಂದ್ರ ಸಾರಿಗೆ ಮಂತ್ರಾಲಯದ ವಾಹನ್ ಜಾಲತಾಣದಲ್ಲಿ ಮಾಲೀಕನು ದೂರು ದಾಖಲಿಸಬಹುದು. ಆದರೆ ನಡೆಯುವುದೇ ಬೇರೆ. ಟೈರು ಒಡೆದಾಗ ಪಂಕ್ಚರ್ ಅಂಗಡಿಯ ಮುಂದೆ ನಿಂತು ಕಂಪನಿಯನ್ನು ಶಪಿಸಿ, ಒಡೆದುದನ್ನು ಗುಜರಿಗೆ ಹಾಕಿ, ಇನ್ನೊಂದನ್ನು ಏರಿಸಿಕೊಂಡು ಹೋಗುವುದು ರೂಢಿ. ಅಮೆರಿಕದಲ್ಲಿ 21 ಕಡತಗಳು ಒಂದೆಡೆ ಸೇರಿದ್ದರಿಂದ ದೋಷ ಗೋಚರಿಸಿತು. ಇಲ್ಲಿ 21 ಟೈರುಗಳು 21 ಗುಜರಿ ಅಂಗಡಿಗಳಿಗೆ ಹೋಗುತ್ತವೆ.

ಬಿಲ್ಲಿಲ್ಲದ ಟೈರು

ಹಿಂಪಡೆಯುವಿಕೆಯ ಸೂಚನೆಯು ವಾಹನದ ನೋಂದಣಿಯ ವಿಳಾಸಕ್ಕೆ ಬರುತ್ತದೆ. ವಾಹನದೊಡನೆ ಬಂದ ಮೊದಲ ಟೈರುಗಳ ಮಟ್ಟಿಗೆ ಇದು ಸರಿ. ಆದರೆ ಸರಕು ವಾಹನದ ಆಯುಷ್ಯದಲ್ಲಿ ಟೈರುಗಳು ಹಲವು ಸಲ ಬದಲಾಗುತ್ತವೆ. ಅಂಗಡಿಯಲ್ಲಿ ಪ್ರತ್ಯೇಕವಾಗಿ ಕೊಂಡ ಟೈರು ಯಾವ ಊರಿನ ಯಾವ ಗಾಡಿಯಲ್ಲಿದೆಯೆಂದು ಕಂಪನಿಗೆ ತಿಳಿಯುವ ದಾರಿ ಎರಡೇ: ಖರೀದಿಯ ಬಿಲ್ಲು ಮತ್ತು ಅಂಗಡಿಯವನು ತುಂಬುವ ವಾರಂಟಿ ಪತ್ರ. ಅಮೆರಿಕದಲ್ಲಿ ಪ್ರತಿ ಹೊಸ ಟೈರಿನ ಗುರುತಿನ ಸಂಖ್ಯೆಯನ್ನು ಕೊಳ್ಳುವವನ ಹೆಸರಿನಲ್ಲಿ ನೋಂದಾಯಿಸಲು ಮಾರಾಟಗಾರನು ನೆರವಾಗಲೇಬೇಕೆಂಬ ನಿಯಮವಿದೆ. ನಮ್ಮಲ್ಲಿ ಜಿಎಸ್‌ಟಿ ಬಿಲ್ಲಿನ ಮೇಲೆ ಟೈರಿನ ಕ್ರಮಸಂಖ್ಯೆಯನ್ನು ನಮೂದಿಸುವುದು ಕಡ್ಡಾಯವಲ್ಲ. ಕೊಳ್ಳುವವನೇ ಕೇಳಿ ಬರೆಯಿಸಿಕೊಳ್ಳಬೇಕು.

ಬಿಲ್ಲು ಬೇಡವೆನ್ನುವುದಕ್ಕೆ ಕಾರಣ ತೆರಿಗೆ. ಟೈರುಗಳ ಮೇಲಿನ ಜಿಎಸ್‌ಟಿ ಶೇ. 28ರಷ್ಟಿದ್ದಾಗ ಈ ಆಸೆ ಸಹಜವಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ, ಟ್ರ್ಯಾಕ್ಟರ್ ಟೈರುಗಳ ಮೇಲೆ ಶೇ. 5ಕ್ಕೆ ಇಳಿದಿದೆ. ಇದಕ್ಕಿಂತ ಮುಖ್ಯವಾಗಿ, ಸರಕು ಸಾಗಣೆಯ ವಾಹನಕ್ಕೆ ಕೊಂಡ ಟೈರಿನ ತೆರಿಗೆಯನ್ನು ನೋಂದಾಯಿತ ವರ್ತಕನು ಹೂಡುವಳಿ ತೆರಿಗೆಯ ಜಮೆಯಾಗಿ ಪಡೆಯಬಹುದು. ಜಮೆಗೆ ಇರುವ ನಿರ್ಬಂಧ ಪ್ರಯಾಣಿಕ ವಾಹನಗಳಿಗೆ ಸಂಬಂಧಿಸಿದ್ದು. 20,000 ರೂಪಾಯಿಯ ಟೈರಿಗೆ 3,600 ರೂಪಾಯಿ ತೆರಿಗೆ ಕೊಟ್ಟವನು ತನ್ನ ಮಾರಾಟದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುತ್ತಾನೆ. ಬಿಲ್ಲಿಲ್ಲದೆ ಕೊಂಡವನು ಉಳಿಸಿದೆನೆಂದು ತಿಳಿದುಕೊಂಡದ್ದು ವಾಸ್ತವದಲ್ಲಿ ಉಳಿತಾಯವೇ ಅಲ್ಲ. ಜೊತೆಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಆ ಖರ್ಚನ್ನು ಸಾಬೀತುಪಡಿಸುವ ತೊಂದರೆ ಬೇರೆ. ಈರುಳ್ಳಿಯಂತಹ ತೆರಿಗೆಮುಕ್ತ ಮಾಲನ್ನಷ್ಟೇ ಮಾರುವವರಿಗೂ, ಕಾಂಪೋಜಿಷನ್ ಯೋಜನೆಯಲ್ಲಿರುವವರಿಗೂ ಈ ಜಮೆ ದೊರೆಯದು ನಿಜ. ಅಂಥವರಿಗೆ ಬಿಲ್ಲಿನ ಬೆಲೆಯನ್ನು ಮುಂದೆ ಹೇಳುವ ತೀರ್ಪಿನ ಬೆಳಕಿನಲ್ಲಿ ಅಳೆಯಬೇಕಾಗುತ್ತದೆ.

ಬಿಲ್ಲಿನ ಜೊತೆಗೆ ಟೈರಿನ ಮೈಮೇಲಿನ ಬರಹವನ್ನೂ ಓದಬೇಕು. 2009ರ ಗುಣಮಟ್ಟ ನಿಯಂತ್ರಣ ಆದೇಶದಂತೆ ಮೋಟಾರು ವಾಹನದ ಟೈರುಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. 2324 ಎಂದಿದ್ದರೆ 2024ರ 23ನೆಯ ವಾರ. ಕಾರು, ಲಾರಿಗಳ ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8 ಮಿ.ಮೀ.ಗಿಂತ ಕಡಿಮೆಯಾಗಕೂಡದು. ಸವೆದ ಟೈರಿಗೆ ಹೊಸ ರಬ್ಬರು ಹಾಕಿಸಿದ ರೀಟ್ರೆಡ್ ಟೈರು ಬಳಸುವುದರಲ್ಲಿ ತಪ್ಪೇನಿಲ್ಲ. ಆದರೆ ಹಾಕಿಸಿದ ರಬ್ಬರು ಕಳಚಿದರೆ ಮೂಲ ಕಂಪನಿಯನ್ನು ಕೇಳುವಂತಿಲ್ಲವಾದ್ದರಿಂದ, ರೀಟ್ರೆಡ್ ಮಾಡಿದವನ ಬಿಲ್ಲೂ ಅಷ್ಟೇ ಅಗತ್ಯ.

ಟೈರು ಒಡೆಯುವುದು ದೈವಕೃತ್ಯವೇ?

2010ರ ಅಕ್ಟೋಬರ್‌ನಲ್ಲಿ ಪುಣೆಯಿಂದ ಮುಂಬಯಿಗೆ ಹೊರಟಿದ್ದ ಕಾರೊಂದರ ಹಿಂದಿನ ಟೈರು ಒಡೆದು, ಅದರಲ್ಲಿದ್ದ ಒಬ್ಬರು ಮೃತಪಟ್ಟರು. ಅವರ ಕುಟುಂಬಕ್ಕೆ ನ್ಯಾಯಾಧಿಕರಣವು 1.25 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಟೈರು ಒಡೆಯುವುದು ದೈವಕೃತ್ಯ, ಆದ್ದರಿಂದ ಪರಿಹಾರ ಸಲ್ಲದೆಂಬುದು ವಿಮಾ ಕಂಪನಿಯ ವಾದವಾಗಿತ್ತು. ಬಾಂಬೆ ಉಚ್ಚ ನ್ಯಾಯಾಲಯವು 2023ರಲ್ಲಿ ಈ ವಾದವನ್ನು ತಳ್ಳಿಹಾಕಿತು. ಅತಿವೇಗ, ಗಾಳಿಯ ಹೆಚ್ಚುಕಡಿಮೆ, ಹಳೆಯ ಟೈರು, ತಾಪಮಾನ ಇಂತಹ ಕಾರಣಗಳಿಂದ ಟೈರು ಒಡೆಯುತ್ತದೆ. ಹೊರಡುವ ಮೊದಲು ಟೈರಿನ ಸ್ಥಿತಿಯನ್ನು ನೋಡಿಕೊಳ್ಳಬೇಕಾದವನು ಚಾಲಕ ಅಥವಾ ಮಾಲೀಕ. ಆದುದರಿಂದ ಇದು ಮನುಷ್ಯನ ನಿರ್ಲಕ್ಷ್ಯವೇ ಹೊರತು ದೈವಕೃತ್ಯವಲ್ಲವೆಂದು ಹೇಳಿತು.

ಈ ತರ್ಕವನ್ನು ಸರಕು ವಾಹನದ ಮಾಲೀಕನು ತನಗೆ ಅನ್ವಯಿಸಿಕೊಂಡು ನೋಡಬೇಕು. ಟೈರು ಒಡೆದು ಹಾನಿಯಾದಾಗ ಆರೋಪ ಮೊದಲು ಬರುವುದು ಅವನ ಮೇಲೆ. ದೋಷವು ತಯಾರಿಕೆಯದೆಂದು ತೋರಿಸುವ ಹೊರೆಯೂ ಅವನದೇ. ಅದಕ್ಕೆ ಬಿಲ್ಲು, ಕ್ರಮಸಂಖ್ಯೆ, ಗಾಳಿ ಮತ್ತು ತೂಕದ ದಾಖಲೆ, ಎಲ್ಲಕ್ಕಿಂತ ಮಿಗಿಲಾಗಿ ಒಡೆದ ಟೈರು ಕೈಯಲ್ಲಿರಬೇಕು. ಗುಜರಿಯವನು ಕೊಡುವ ಅಲ್ಪ ಹಣಕ್ಕಾಗಿ ಸಾಕ್ಷ್ಯವನ್ನೇ ಮಾರಿಬಿಟ್ಟ ಮೇಲೆ ವಕೀಲರಾಗಲಿ ಲೆಕ್ಕಿಗರಾಗಲಿ ಮಾಡಬಹುದಾದುದು ಕಡಿಮೆ. ತೂಕದ ಮಾತು ಬಂದಾಗ ಒಂದು ವಿಷಯ: 2018ರ ಜುಲೈನಲ್ಲಿ ಸರ್ಕಾರವು ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಹಂಗಾಮಿನಲ್ಲಿ ಅದನ್ನೂ ಮೀರಿ ಹೇರಿದ ಗಾಡಿಯ ಟೈರು ಒಡೆದರೆ ಕಂಪನಿಯ ದೋಷವೆಂದು ವಾದಿಸುವುದು ಕಷ್ಟವೇ ಸರಿ.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ತಯಾರಕನನ್ನೂ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರನನ್ನೂ ಹೊಣೆಯಾಗಿಸುತ್ತದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡವನು ಗ್ರಾಹಕನೆನಿಸುತ್ತಾನೆ. ತಾನೇ ಓಡಿಸುವ ಒಂದೇ ಗಾಡಿಯ ಒಡೆಯನಿಗೆ ಗ್ರಾಹಕ ಆಯೋಗದ ಬಾಗಿಲು ತೆರೆದಿರಬಹುದು. ಹತ್ತು ಲಾರಿಗಳ ಸಂಸ್ಥೆಗೆ ಸಿವಿಲ್ ನ್ಯಾಯಾಲಯವೇ ಗತಿ.

ಸಣ್ಣ ತಯಾರಕರ ಹೊಣೆ

ತಾರಿಹಾಳ, ಗೋಕುಲ ರಸ್ತೆ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ವಾಹನದ ಬಿಡಿಭಾಗಗಳನ್ನು ತಯಾರಿಸುವ ಘಟಕಗಳಿಗೆ ಈ ಕಾನೂನಿನ ಇನ್ನೊಂದು ಮುಖ ಎದುರಾಗುತ್ತದೆ. ದೊಡ್ಡ ಕಂಪನಿಯು ವಾಹನಗಳನ್ನು ಹಿಂಪಡೆದರೆ, ಅದರ ಖರ್ಚನ್ನು ಬಿಡಿಭಾಗ ಪೂರೈಸಿದವನಿಂದ ವಸೂಲು ಮಾಡುವ ಷರತ್ತು ಖರೀದಿ ಆದೇಶದ ಹಿಂಪುಟದ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಸಹಿ ಹಾಕುವಾಗ ದರವನ್ನು ಮಾತ್ರ ನೋಡುವ ರೂಢಿಯು ಇಲ್ಲಿ ಅಪಾಯಕಾರಿ. ಯಾವ ದಿನದ ಯಾವ ತಂಡದ ಮಾಲು ಯಾವ ಚಲನ್‌ನಲ್ಲಿ ಹೋಯಿತೆಂಬ ದಾಖಲೆಯಿದ್ದರೆ ಐದುನೂರು ನಗಗಳ ಹೊಣೆ ಐದುನೂರಕ್ಕೇ ನಿಲ್ಲುತ್ತದೆ. ಇಲ್ಲವಾದರೆ ವರ್ಷದ ಉತ್ಪಾದನೆಯೆಲ್ಲವೂ ಸಂಶಯಕ್ಕೆ ಒಳಗಾಗುತ್ತದೆ. ಸಾಮಾನ್ಯ ಉತ್ಪನ್ನ ಹೊಣೆ ವಿಮೆಯಲ್ಲಿ ಹಿಂಪಡೆಯುವಿಕೆಯ ಖರ್ಚು ಬಹುತೇಕ ಸೇರಿರುವುದಿಲ್ಲ. ಅದಕ್ಕೆ ಪ್ರತ್ಯೇಕ ವಿಮೆ ಮಾಡಿಸಬೇಕಾಗುತ್ತದೆ. ಹೊಣೆ ಸಂಭವನೀಯವಾಗಿದ್ದು ಮೊತ್ತವನ್ನು ಅಂದಾಜಿಸಬಹುದಾದರೆ, ಲೆಕ್ಕಪತ್ರ ಮಾನಕ 29ರಂತೆ ಆ ವರ್ಷವೇ ಅವಕಾಶ ಕಲ್ಪಿಸಬೇಕು. ಕ್ಲೇಮು ಬರುವವರೆಗೆ ಕಾಯುವಂತಿಲ್ಲ. ವಾರಂಟಿಯ ಅವಧಿಯಲ್ಲಿ ಹಣ ಪಡೆಯದೆ ಬದಲಿಸಿಕೊಟ್ಟ ಭಾಗಗಳ ಮೇಲೆ ಜಿಎಸ್‌ಟಿ ಇಲ್ಲವೆಂದೂ, ಪಡೆದ ಜಮೆಯನ್ನು ಹಿಂತಿರುಗಿಸಬೇಕಾಗಿಲ್ಲವೆಂದೂ 2023ರ ಜುಲೈ 17ರ ಸುತ್ತೋಲೆ ಸ್ಪಷ್ಟಪಡಿಸಿದೆ.

ಹಳೆಯ ಗಾಡಿಯನ್ನು ಮಾರುವವರಿಗೆ ಕೊನೆಯದೊಂದು ಸೂಚನೆ. ಮಾರಿದವನು ರಾಜ್ಯದೊಳಗಿನ ವರ್ಗಾವಣೆಯನ್ನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಬಾಯಿಮಾತಿನಲ್ಲಿ ಕೈಬದಲಾದ ಗಾಡಿಗೆ ಹಿಂಪಡೆಯುವಿಕೆಯ ಪತ್ರ ಬಂದರೂ ಅದು ಮೊದಲ ಮಾಲೀಕನ ಮನೆಯಲ್ಲಿ ಬಿದ್ದಿರುತ್ತದೆ. ಅಪಘಾತವಾದರೆ ನೋಂದಣಿ ಪುಸ್ತಕದಲ್ಲಿ ಹೆಸರಿರುವವನೇ ಹೊಣೆಗಾರನೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಗಾಡಿಯು ಅಷ್ಟರಲ್ಲಿ ಎಷ್ಟು ಕೈ ದಾಟಿದ್ದರೂ ಪರಿಹಾರದ ನೋಟೀಸು ಬರುವುದು ಅದೇ ಹಳೆಯ ವಿಳಾಸಕ್ಕೆ.